ಕುರಾಹಾಶಿ ತಾತನ ಕೊಳೆ

ಕೊಜುಯೆ ಹಳೆಯ ಟೂತ್‌ಬ್ರಷ್ ಹಿಡಿದು ಸ್ಪಂಜನ್ನು ತಿಕ್ಕುತ್ತಿದ್ದಳು. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಹೊರಗೆ ಬಂದಿತ್ತು. ಸ್ಪಂಜು ಹಿಂಡಿದಾಗಲೆಲ್ಲ ಕಂದು ಬಣ್ಣದ ಗೊಜ್ಜು ಬಿಸಿನೀರಿಗೆ ಇಳಿಯುತ್ತಿತ್ತು. ಅವಳು ಆ ನೀರು ಚೆಲ್ಲಿ, ಮತ್ತೆ ಬಿಸಿನೀರು ಹಿಡಿದು, ಮತ್ತೆ ತಿಕ್ಕಿದಳು.

ಅದು ಅಜ್ಜಿಯ ಅಕ್ವೇರಿಯಂನ ಫಿಲ್ಟರ್ ಸ್ಪಂಜು. ಅಕ್ವೇರಿಯಂನಲ್ಲಿದ್ದ ರಾಂಚು ಅನ್ನುವ ಜಾತಿಯ ಮೂರು ಗೋಲ್ಡ್‌ಫಿಶ್ ಮೀನುಗಳು ಸದ್ಯಕ್ಕೆ ಪ್ಲಾಸ್ಟಿಕ್ ಟಬ್ಬಿನಲ್ಲಿದ್ದವು. ಬಸ್ಸು ತಪ್ಪಿಸಿಕೊಂಡವರ ಹಾಗೆ ಮುಖ ಮಾಡಿಕೊಂಡಿದ್ದವು.

ಅವತ್ತು ಡಿಸೆಂಬರ್ ಇಪ್ಪತ್ತೆಂಟು. ವರ್ಷ ಮುಗಿಯುವ ಮೊದಲು ಮನೆಯ ಕೊಳೆಯೆಲ್ಲ ಹೊರಗೆ ಹೋಗಬೇಕು. ಕೋರಿಯಾಮಾ ಊರಿನ ಅಮ್ಮಂದಿರೆಲ್ಲ ತಲೆಗೆ ಬಟ್ಟೆ ಕಟ್ಟಿಕೊಂಡು ಯುದ್ಧಕ್ಕೆ ಇಳಿದಿದ್ದರು. ಕೊಜುಯೆಯ ಅಮ್ಮ ಫ್ರಿಜ್ಜಿನ ಮೇಲೆ ಪಟ್ಟಿ ಅಂಟಿಸಿದ್ದಳು. ಅಪ್ಪನಿಗೆ ಕಿಟಕಿಗಳು. ಅಣ್ಣ ರ್ಯೋಹೇಗೆ ಟಾಯ್ಲೆಟ್. ಕೊಜುಯೆಗೆ ಬಾಗಿಲ ಬಳಿಯ ಶೂ ಕಪಾಟು.

"ನಿನ್ನದು ಐದು ನಿಮಿಷದ ಕೆಲಸ. ನನಗೆ ನೋಡು, ಟಾಯ್ಲೆಟ್!" ಅಂತ ರ್ಯೋಹೇ ಗೊಣಗಿದ್ದ. "ಅದೂ ಅಪ್ಪ ಪೇಪರ್ ಓದಿ ಮುಗಿಸಿ ಹೊರಗೆ ಬಂದ ಮೇಲೆ."

ಶೂ ಕಪಾಟು ನಿಜವಾಗಿಯೂ ಐದೇ ನಿಮಿಷದಲ್ಲಿ ಮುಗಿಯಿತು. ಅದರ ಮೇಲೆ ಅಕ್ವೇರಿಯಂ ಇತ್ತು. ಗಾಜಿನ ಮೇಲೆ ಹಸಿರು ಪಾಚಿ, ಕಲ್ಲುಗಳ ಮೇಲೆ ಕಂದು ಲೋಳೆ. ಕೊಜುಯೆಗೆ ಕೈ ತುರಿಸತೊಡಗಿತು. ಸ್ಕೂಲಿನಲ್ಲಿ ಅವಳು ಕ್ಲೀನಿಂಗ್ ಗ್ರೂಪಿನ ಲೀಡರ್. ಬ್ಯಾಡ್ಜ್ ಬೇರೆ ಇತ್ತು.

ಅಜ್ಜಿ ಗೆಳತಿಯರ ಜೊತೆ ಬಿಸಿನೀರಿನ ಬುಗ್ಗೆಗೆ ಹೋಗಿದ್ದಳು. ಹೊರಡುವಾಗ, "ದಿನಕ್ಕೆ ಒಂದು ಚಿಟಿಕೆ ಆಹಾರ ಹಾಕು. ಬೇರೇನೂ ಮಾಡಬೇಡ" ಅಂದಿದ್ದಳು. ಕೊಜುಯೆಯ ಕಿವಿ ಮೊದಲನೇ ಮಾತನ್ನು ಇಟ್ಟುಕೊಂಡು ಎರಡನೆಯದನ್ನು ಹೊರಗೆ ಕಳಿಸಿತ್ತು.

ಸಂಜೆಗೆ ಅಕ್ವೇರಿಯಂ ಫಳಫಳ ಹೊಳೆಯಿತು. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ಹರಳನ್ನೂ ಅವಳು ಮರೆಯದೆ ಹಾಕಿದ್ದಳು. ಮೀನುಗಳು ಗಾಳಿಯಲ್ಲಿ ತೇಲುತ್ತಿರುವ ಹಾಗೆ ಕಂಡವು. ಮುಂದೆ ಹೆಡ್‌ಮಾಸ್ಟ್ರು, ಹಿಂದೆ ಇಬ್ಬರು ಮೇಷ್ಟ್ರುಗಳು.

ಆ ಹೆಸರಿಟ್ಟಿದ್ದು ಕೊಜುಯೆಯೇ. ದೊಡ್ಡ ಮೀನಿನ ತಲೆ ಪೂರ್ತಿ ಗಂಟುಗಂಟು. ಊದಿದ ಕೆನ್ನೆ. ರೆಕ್ಕೆಯಿಲ್ಲದ ಬೋಳು ಬೆನ್ನು. ಸ್ಕೂಲಿನ ಹೆಡ್‌ಮಾಸ್ಟ್ರು ಸೋಮವಾರದ ಭಾಷಣಕ್ಕೆ ಎದ್ದು ನಿಂತಾಗ ಥೇಟ್ ಹೀಗೇ ಕಾಣುತ್ತಿದ್ದರು. ಆದರೆ ಸ್ಕೂಲಿನ ಹೆಡ್‌ಮಾಸ್ಟ್ರಿಗೆ ಯಾವ ಪ್ರೈಜೂ ಬಂದಿರಲಿಲ್ಲ. ಅಜ್ಜಿಯ ಹೆಡ್‌ಮಾಸ್ಟ್ರಿಗೆ ಹೋದ ಸಲದ ಮೀನಿನ ಪ್ರದರ್ಶನದಲ್ಲಿ ಸೆಕೆಂಡ್ ಪ್ರೈಜ್ ಬಂದಿತ್ತು. ಮುಂದಿನ ಸಲ ಫಸ್ಟ್ ಬರಲೇಬೇಕು ಅಂತ ಅಜ್ಜಿ ದಿನಾ ಅದರ ಮುಂದೆ ನಿಂತು ಹೇಳುತ್ತಿದ್ದಳು.

ಹೊಸ ಮನೆಯ ಸಂಭ್ರಮಕ್ಕೆ ಕೊಜುಯೆ ಅವತ್ತು ಎರಡು ಚಿಟಿಕೆ ಹಾಕಿದಳು. ಮಾರನೇ ದಿನ ಮೂರು.

ಮೂವತ್ತರ ಬೆಳಿಗ್ಗೆ ಮೂರೂ ಮೀನುಗಳು ನೀರಿನ ಮೇಲೆ ಬಾಯಿ ಚಾಚಿ ತೆರೆದು ಮುಚ್ಚುತ್ತಿದ್ದವು.

"ಅಣ್ಣಾ, ಬಾ ಇಲ್ಲಿ!"

ರ್ಯೋಹೇ ಬಂದು ನೋಡಿದ. "ಏನಾಯ್ತು? ಭಾಷಣ ಮಾಡ್ತಿದ್ದಾರೆ."

"ತಮಾಷೆ ಬೇಡ. ಬಾಲ ನೋಡು."

ಹೆಡ್‌ಮಾಸ್ಟ್ರ ಬಾಲದಲ್ಲಿ ಕೆಂಪು ಗೆರೆಗಳು ಎದ್ದಿದ್ದವು. ರ್ಯೋಹೇಯ ನಗು ನಿಂತಿತು. ಅಪ್ಪ, ಅಮ್ಮ ಹೊಸ ವರ್ಷದ ಹಬ್ಬಕ್ಕೆ ಸಾಮಾನು ತರಲು ಹೋಗಿದ್ದರು. ಮೀನಿನ ಅಂಗಡಿಗೆ ರಜೆ. ಅಜ್ಜಿಗೆ ಫೋನ್ ಮಾಡಿದರೆ ಅದು ಅಜ್ಜಿಯ ಕೋಣೆಯಲ್ಲೇ, ಸ್ವೆಟರ್‌ಗಳ ಕೆಳಗೆ ರಿಂಗ್ ಆಯಿತು.

"ಇನ್ನು ಒಬ್ಬರೇ ಉಳಿದಿರೋದು," ಅಂದ ರ್ಯೋಹೇ.

"ಯಾರು?"

ಅವನು ಬೆರಳಿನಿಂದ ಎದುರು ಮನೆ ತೋರಿಸಿದ. "ನಾನಂತೂ ಹೋಗಲ್ಲಪ್ಪ."

ಎದುರು ಮನೆಯ ಕುರಾಹಾಶಿ ತಾತನ ಬಳಿ ಒಂದು ಅಂಗಳ ತುಂಬ ರಾಂಚುಗಳಿದ್ದವು. ಎರಡು ವರ್ಷದ ಹಿಂದೆ ಪ್ರದರ್ಶನದಲ್ಲಿ ಅಜ್ಜಿ ಅವನ ಮೀನು ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಆಲೂಗಡ್ಡೆಗೆ ಬಾಲ ಅಂಟಿಸಿದ ಹಾಗಿದೆ" ಅಂದುಬಿಟ್ಟಿದ್ದಳು. ಅವತ್ತಿನಿಂದ ಮಾತಿಲ್ಲ. ಬೆಳಿಗ್ಗೆ ಕಸ ಇಡುವಾಗ ಎದುರಾದರೆ ಇಬ್ಬರೂ ಕಸದ ಚೀಲಕ್ಕೇ ನಮಸ್ಕಾರ ಮಾಡುತ್ತಿದ್ದರು.

ರಸ್ತೆ ದಾಟಲು ಹತ್ತು ಹೆಜ್ಜೆ ಸಾಕು. ಕೊಜುಯೆ ಆ ಗೇಟಿನ ಮುಂದೆ ಮೂರು ಸಲ ಆಚೆ ಈಚೆ ಓಡಾಡಿದಳು. ಆಮೇಲೆ ಕಣ್ಣು ಮುಚ್ಚಿ ಬೆಲ್ ಒತ್ತಿದಳು.

ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. "ಯಾರು? ಓ, ಆಲೂಗಡ್ಡೆ ಮನೆಯವಳಾ?"

"ತಾತಾ, ನಮ್ಮ ಮೀನು ಸಾಯ್ತಿವೆ. ನಾನು ಏನೂ ಮಾಡಿಲ್ಲ. ಬರೀ ಕ್ಲೀನ್ ಮಾಡಿದೆ."

ಬಾಗಿಲು ಪೂರ್ತಿ ತೆರೆಯಿತು. "ಏನೇನು ಕ್ಲೀನ್ ಮಾಡಿದೆ?"

"ಗಾಜು."

"ಸರಿ."

"ಕಲ್ಲು."

"ಹೂಂ."

"ನೀರು ಪೂರ್ತಿ ಬದಲಾಯಿಸಿದೆ. ಸ್ಪಂಜನ್ನ ಬಿಸಿನೀರಲ್ಲಿ ತೊಳೆದೆ, ಟೂತ್‌ಬ್ರಷ್ ಹಾಕಿ ಉಜ್ಜಿ. ಎರಡು ಸಲ."

ತಾತ ಹಲ್ಲುನೋವು ಬಂದವರ ಹಾಗೆ ಕೆನ್ನೆ ಹಿಡಿದುಕೊಂಡ. "ಅಯ್ಯೋ ಮಾರಾಯ್ತಿ! ಇದಕ್ಕೆ ನಿಮ್ಮ ಸ್ಕೂಲಲ್ಲಿ ಪ್ರೈಜ್ ಬೇರೆ ಕೊಡ್ತಾರೇನೋ."

"ಬ್ಯಾಡ್ಜ್ ಕೊಟ್ಟಿದ್ದಾರೆ," ಅಂದಳು ಕೊಜುಯೆ ಸಣ್ಣ ದನಿಯಲ್ಲಿ.

"ನೋಡು, ಮೀನು ಕಕ್ಕಸು ಮಾಡೋದೆಲ್ಲಿ?"

"ನೀರಲ್ಲಿ."

"ಉಸಿರಾಡೋದು?"

"ನೀರಲ್ಲೇ."

"ಹಾಗಾದ್ರೆ ಟಾಯ್ಲೆಟ್ ತೊಳೆಯೋರು ಯಾರು?"

'ಅಣ್ಣ ರ್ಯೋಹೇ' ಅನ್ನುವ ಉತ್ತರ ಕೊಜುಯೆಯ ನಾಲಿಗೆಯ ತುದಿಗೆ ಬಂದು ನಿಂತಿತು.

"ಸ್ಪಂಜಿನಲ್ಲಿ ಕಂದು ಕೊಳೆ ಇತ್ತಲ್ಲ, ಅದರೊಳಗೆ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರ್ತವೆ. ಹಗಲೂ ರಾತ್ರಿ ಅವುಗಳದು ಅದೇ ಕೆಲಸ. ಒಂದು ದಿನವೂ ರಜೆ ಕೇಳಿದ್ದಿಲ್ಲ, ಪಾಪ. ಅವನ್ನೆಲ್ಲ ನೀನು ಬೇಯಿಸಿ ಚೆಲ್ಲಿಬಿಟ್ಟೆ. ಈಗ ಮೀನುಗಳು ತಮ್ಮ ಉಚ್ಚೆಯಲ್ಲೇ ಉಸಿರು ಕಟ್ಟಿಕೊಂಡು ಕೂತಿವೆ."

ಕೊಜುಯೆಯ ಕಣ್ಣು ತುಂಬಿತು. ಆದರೂ ಕೇಳಲೇಬೇಕಿತ್ತು. "ತಾತಾ, ನಿಮ್ಮ ಕೊಳೆ ಸ್ವಲ್ಪ ಕೊಡ್ತೀರಾ?"

ತಾತ ಅವಳನ್ನೇ ನೋಡಿದ. "ಎಪ್ಪತ್ತೆರಡು ವರ್ಷ ಆಯ್ತು ನನಗೆ. ಇದನ್ನ ಇನ್ನೂ ಯಾರೂ ಕೇಳಿರಲಿಲ್ಲ."

ಅವನು ಒಳಗೆ ಹೋಗಿ ತನ್ನ ಫಿಲ್ಟರಿನಿಂದ ನೀಲಿ ಸ್ಪಂಜು ತೆಗೆದು, ಕತ್ತರಿಯಲ್ಲಿ ಅರ್ಧ ಕತ್ತರಿಸಿ, ಖಾಲಿ ತೋಫು ಡಬ್ಬಿಯಲ್ಲಿ ಹಾಕಿ ತಂದ. ಕಂದು ರಸ ತೊಟ್ಟಿಕ್ಕುತ್ತಿತ್ತು.

"ಅರ್ಧ ನೀರು ತೆಗಿ. ಅಷ್ಟೇ ಬೆಚ್ಚಗಿರೋ ಹೊಸ ನೀರು ಹಾಕು, ಹರಳು ಮರೀಬೇಡ. ಇದನ್ನ ಫಿಲ್ಟರಿಗೆ ಸೇರಿಸು. ನಾಳೆ ಮತ್ತೆ ಅರ್ಧ ನೀರು. ಒಂದು ವಾರ ಊಟ ಬಂದ್."

"ಹಸಿವಾಗಲ್ವಾ?"

"ಹಸಿವಿಂದ ಯಾವ ಹೆಡ್‌ಮಾಸ್ಟ್ರೂ ಸತ್ತಿಲ್ಲ," ಅಂದ ತಾತ. ಬೇಸಿಗೆಯಲ್ಲಿ ಕಿಟಕಿಗಳು ತೆರೆದಿರುತ್ತವೆ. ಎದುರು ಮನೆಯ ಹೆಸರುಗಳೆಲ್ಲ ಅವನಿಗೆ ಗೊತ್ತಿದ್ದವು. "ಬೇಗ ಹೋಗು, ಸ್ಪಂಜು ಒಣಗಬಾರದು."

ಕೊಜುಯೆ ಡಬ್ಬಿ ಹಿಡಿದು ಓಡಿದಳು. ಅಷ್ಟರಲ್ಲಿ ಅಮ್ಮ ಬಂದಾಗಿತ್ತು. ಮೂರು ದಿನ ಉಜ್ಜಿದ ನೆಲದ ಮೇಲೆ, ಕೈಯಲ್ಲಿ ಮೂಲಂಗಿ ಹಿಡಿದು ನಿಂತಿದ್ದಳು.

"ಏನೇ ಅದು, ತೊಟ್ಟಿಕ್ಕುತ್ತಿರೋದು?"

"ಕೊಳೆ ಅಮ್ಮಾ."

"ಹೊರಗೆ ಹಾಕೋದು ಬಿಟ್ಟು ಒಳಗೆ ತರ್ತಿದೀಯಾ? ಇವತ್ತು?"

"ಕುರಾಹಾಶಿ ತಾತ ಕೊಟ್ಟರು. ಬೇಕೇ ಬೇಕು ಅಮ್ಮಾ."

ಅಮ್ಮ ಬೈಯಲು ಬಾಯಿ ತೆರೆದಳು. ಅಕ್ವೇರಿಯಂನಲ್ಲಿ ಹೆಡ್‌ಮಾಸ್ಟ್ರೂ ಬಾಯಿ ತೆರೆದಿದ್ದರು. ಅಮ್ಮ ಒಂದು ಕ್ಷಣ ನೋಡಿದಳು. ಮೂಲಂಗಿ ಸಮೇತ ಪಕ್ಕಕ್ಕೆ ಸರಿದಳು. ಸ್ಪಂಜು ಇಳಿದ ಕೂಡಲೇ ನೀರಿನಲ್ಲಿ ಕಂದು ಹೊಗೆ ಎದ್ದಿತು. ಎರಡು ದಿನದ ಹೊಳಪೆಲ್ಲ ಹೋಯಿತು.

ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರುಗಳಿಬ್ಬರೂ ಕೆಳಗಿಳಿದು ಕಲ್ಲು ಮೂಸುತ್ತಿದ್ದರು. ಹೆಡ್‌ಮಾಸ್ಟ್ರು ನಿಧಾನಕ್ಕೆ ಒಂದು ಸುತ್ತು ಹೊಡೆದರು. ಆದರೆ ಅವರ ಬಾಲದ ಅಂಚು ಹಳೆಯ ಟವೆಲಿನ ಹಾಗೆ ಎಳೆಎಳೆಯಾಗಿತ್ತು.

ಮೂರು ಗಂಟೆಗೆ ಅಜ್ಜಿ ಬಂದಳು. ಕೆಂಪಗೆ ಬೆಂದ ಮುಖ, ಕೈಯಲ್ಲಿ ಸಿಹಿಬನ್ನಿನ ಎರಡು ಬಾಕ್ಸ್. ಶೂ ಬಿಚ್ಚುವ ಮೊದಲೇ ಅವಳ ಕಣ್ಣು ಅಕ್ವೇರಿಯಂ ಮೇಲೆ ನಿಂತಿತು. ರ್ಯೋಹೇಗೆ ಇದ್ದಕ್ಕಿದ್ದಂತೆ ಟಾಯ್ಲೆಟ್ ತೊಳೆಯುವುದು ಬಾಕಿಯಿದೆ ಅಂತ ನೆನಪಾಯಿತು.

ಕೊಜುಯೆ ಎಲ್ಲವನ್ನೂ ಹೇಳಿದಳು. ಬಿಸಿನೀರನ್ನೂ ಬಿಡಲಿಲ್ಲ, ಟೂತ್‌ಬ್ರಷ್ಷನ್ನೂ ಬಿಡಲಿಲ್ಲ.

ಅಜ್ಜಿ ನೀಲಿ ಸ್ಪಂಜನ್ನು ನೋಡಿದಳು. "ಇದು ಯಾರ ಕೊಳೆ?"

"ಕುರಾಹಾಶಿ ತಾತನದು."

"ಅವನಾಗೇ ಕೊಟ್ಟನಾ?"

"ನಾನು ಕೇಳಿದೆ. ಕೊಟ್ಟರು."

ಅಜ್ಜಿ ಬಗ್ಗಿ ಹೆಡ್‌ಮಾಸ್ಟ್ರ ಬಾಲವನ್ನು ತುಂಬ ಹೊತ್ತು ನೋಡಿದಳು. "ಉಳಿದುಕೊಂಡ," ಅಂದಳು. "ಆದರೆ ಮುಂದಿನ ಪ್ರದರ್ಶನಕ್ಕೆ ಇವನಿಲ್ಲ." ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಕೊಜುಯೆಗೆ ಅನಿಸಿತು.

ಆಮೇಲೆ ಅಜ್ಜಿ ಒಂದು ಬಾಕ್ಸ್ ಎತ್ತಿ ಅವಳ ಕೈಗಿಟ್ಟಳು. "ಎದುರು ಮನೆಗೆ ಕೊಟ್ಟು ಬಾ."

"ಏನಂತ ಹೇಳಲಿ?"

"ಏನಾದರೂ ಹೇಳು."

ಕೊಜುಯೆ ಶೂ ಹಾಕಿಕೊಂಡು ಬಾಗಿಲು ತೆರೆದಳು. ತಣ್ಣನೆ ಗಾಳಿ ಒಳಗೆ ನುಗ್ಗಿತು. ಅಜ್ಜಿ ಇನ್ನೂ ಕೋಟು ಬಿಚ್ಚಿರಲಿಲ್ಲ, ಶೂ ಕೂಡ. ಸ್ಕಾರ್ಫ್ ಸುತ್ತಿದಳು, ತೆಗೆದಳು, ಮತ್ತೆ ಸುತ್ತಿದಳು. ಎದುರು ಗೇಟಿನ ಕಡೆ ಒಮ್ಮೆ ನೋಡಿ ಬೇಗನೆ ಮೀನಿನ ಕಡೆ ತಿರುಗಿದಳು.

ಅಜ್ಜಿಗೆ ಅರವತ್ತೊಂಬತ್ತು ವರ್ಷ. ಅವಳಿಗೂ ಆ ಬೆಲ್ ಒತ್ತಲು ಹೆದರಿಕೆ ಆಗುತ್ತದೆ ಅಂತ ಕೊಜುಯೆಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳು ಅವಸರ ಮಾಡಲಿಲ್ಲ. ಬಾಕ್ಸನ್ನು ಒಂದು ಕೈಗೆ ಬದಲಾಯಿಸಿ, ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತಳು.

"ಅಜ್ಜೀ, ನೀನೂ ಬಾ."