ಐದು ಸಾಲಿನ ಇಂಗ್ಲಿಷ್

"ಈ ಇಂಗ್ಲಿಷ್ ಬರ್ದ ಮಹಾನುಭಾವ ಯಾರ್ರಿ?"

ಯಶವಂತನಗರದ ಗಣಿ ಆಫೀಸಿನಲ್ಲಿ ಗುಮಾಸ್ತ ಪ್ರಾಣೇಶ ಕಂಪ್ಯೂಟರಿನಿಂದ ತಲೆಯೆತ್ತಿದ. ಬಾಗಿಲಲ್ಲಿ ಕಂಪನಿಯ ಅಪಘಾತ ವರದಿ ಹಿಡಿದು ಶಾಂಭವಿ ನಿಂತಿದ್ದಳು. ಹನ್ನೆರಡು ದಿನದ ಹಿಂದೆ ಅದಿರಿನ ಗೋಡೆ ಕುಸಿದು ಸತ್ತ ಉಜ್ಜಿನಪ್ಪನ ತಂಗಿ. ಅಳು ನುಂಗಿ ನುಂಗಿ ಅವಳ ಕಣ್ಣುಗಳು ಕೆಂಪಾಗಿದ್ದವು.

"ನಾನೇ..."

"ಮೂರು ದಿನ ಡಿಕ್ಷನರಿ ಹಿಡ್ಕೊಂಡು ಕುಂತೀನ್ರಿ. ಎರಡು ಪುಟದಾಗ ನಮ್ಮಣ್ಣ ಸತ್ತ ಅನ್ನೋ ಮಾತು ಎಲ್ಲೈತಿ, ತೋರ್ಸ್ರಿ!"

ಇರಲಿಲ್ಲ. ಉದ್ದುದ್ದ ಪದಗಳ ಅಡಿಯಲ್ಲಿ, ತಪ್ಪೆಲ್ಲ ಉಜ್ಜಿನಪ್ಪನದೇ ಎಂದಿತ್ತು. ಹೆಣ ಬಿಡಿಸುವ ಕಾಗದ ಎಂದು ಹೇಳಿ ಅವಳ ಅವ್ವ ಜಂಬಮ್ಮನ ಹೆಬ್ಬೆಟ್ಟನ್ನು ಅದಕ್ಕೆ ಒತ್ತಿಸಿಕೊಂಡವನೂ ಪ್ರಾಣೇಶನೇ. ಇಂಗ್ಲಿಷ್ ತಿಳಿಯದಷ್ಟೂ ತೂಕ ಹೆಚ್ಚು ಎಂದು ನಂಬುವ ಜನ ನಮ್ಮವರು! ಪಾಪ, ಜಂಬಮ್ಮ ಆ ಕಾಗದಕ್ಕೆ ಕೈಮುಗಿದು ಒತ್ತಿದ್ದಳು.

"ಮ್ಯಾನೇಜರ್ ಹೇಳಿದ್ರು..."

"ಬರ್ದ ಕೈ ನಿಮ್ದಲ್ಲೇನ್ರಿ?"

ಅಂದಿನಿಂದ ಪ್ರತಿ ಭಾನುವಾರ ಪ್ರಾಣೇಶ ಕ್ಷಮೆ ಕೇಳಲು ಗಾದಿಗನೂರಿನ ಅವಳ ಮನೆಗೆ ಬಂದ. ಶಾಂಭವಿ ಬಾಗಿಲಲ್ಲೇ ಬೈದು ಕಳಿಸಿದಳು. ಒಂದು ವಾರ ಅವನು ಬರಲಿಲ್ಲ. ನಮ್ಮ ಹುಡುಗಿ ನಾಲ್ಕು ಸಲ ಬೀದಿಗೆ ಬಂದು ನೋಡಿದಳು!

'ಛೀ... ಯಾರಿಗಾಗಿ ಕಾಯ್ತಿದೀನಿ? ಸತ್ತ ಅಣ್ಣನ ಮೇಲೆ ತಪ್ಪು ಹೊರಿಸಿದವನಿಗಾಗಿಯಾ?'

ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೊಸಪೇಟೆಯಲ್ಲಿ ಉಜ್ಜಿನಪ್ಪನ ಸಾವಿನ ವಿಚಾರಣೆ ನಡೆಯಿತು. ಮ್ಯಾನೇಜರ್ ಎದುರಿಗೇ ಪ್ರಾಣೇಶ ಎದ್ದು, ಅಧಿಕಾರಿಯ ಮುಂದೆ ಹೊಸ ಕಾಗದ ಇಟ್ಟ. ಒಂದು ಪ್ರತಿಯನ್ನು ಶಾಂಭವಿಗೂ ಕೊಟ್ಟ.

ಅದೂ ಇಂಗ್ಲಿಷೇ. ಆದರೆ ಐದೇ ಸಾಲು. ಅವಳಿಗೆ ಡಿಕ್ಷನರಿ ಬೇಕಾಗಲಿಲ್ಲ.

ಗೋಡೆ ಬಿರುಕು ಬಿಟ್ಟಿತ್ತು. ಮ್ಯಾನೇಜರಿಗೆ ಗೊತ್ತಿತ್ತು. ಉಜ್ಜಿನಪ್ಪ ಕೆಳಗೆ ಇಳಿಯುವುದಿಲ್ಲ ಎಂದ. ಮ್ಯಾನೇಜರ್ ಬೈದು ಇಳಿಸಿದರು. ಗೋಡೆ ಬಿತ್ತು, ಅವನು ಸತ್ತ.

ಕೊನೆಯ ಪದದ ಮೇಲೆ ಬೆರಳಿಟ್ಟು ಶಾಂಭವಿ ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಸತ್ತ ಮೇಲೆ ಅವಳು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು.

ಹೊರಗೆ ಮೆಟ್ಟಿಲ ಮೇಲೆ ಪ್ರಾಣೇಶನೊಬ್ಬನೇ ಕೂತಿದ್ದ.

"ಕೆಲ್ಸ?" ಎಂದಳು.

"ಹೋತ್ರಿ."

"ಮೊದ್ಲೇ ಹಿಂಗ ಬರೀಬೇಕಿತ್ತು."

"ಹೆದರಿದ್ದೆ. ತಪ್ಪು ನಂದೇ..." ಅವನು ತಲೆ ತಗ್ಗಿಸಿದ. "ಇನ್ನೊಂದು ಮಾತ್ರಿ. ನಿಮ್ಮನ್ನ ಪ್ರೀತಿಸ್ತೀನಿ."

ಅವಳು ಕೈಯಲ್ಲಿದ್ದ ಕಾಗದವನ್ನು ಮಡಚಿದಳು.

"ನಂಗೂ ಹಂಗಾ ಆಗೇತಿ. ಅದಕ್ಕಾ ನನ್ ಮ್ಯಾಲೆ ನಂಗ ಭಾಳ ಸಿಟ್ಟು."

"ಶಾಂಭವಿ..."

"ಮನೀಗೆ ಬರ್ರಿ. ತಾನು ಹೆಬ್ಬೆಟ್ಟು ಒತ್ತಿದ್ದು ಯಾವುದಕ್ಕ ಅಂತ ಅವ್ವಗ ಇನ್ನೂ ಗೊತ್ತಿಲ್ಲ. ನೀವಾ ಹೇಳ್ಬೇಕು."

"ತಡ್ಕೊಳ್ತಾರೇನ್ರಿ?"

"ಗೊತ್ತಿಲ್ಲ... ನಾ ನಿಮ್ ಪಕ್ಕದಾಗ ಕುಂದಿರ್ತೀನಿ."