ಸೋಮವಾರದ ಬಾಟಲಿ

ಆರು ವರ್ಷದ ಹಿಂದೆ ಪರಿಮಳಾ ಕಿರವತ್ತಿಯಲ್ಲಿ ಬಸ್ಸಿಳಿದದ್ದು ಜಗಳಕ್ಕೆಂದೇ. ಶಿರಸಿಯ ನೀರು ಪರೀಕ್ಷಾ ಲ್ಯಾಬಿನಲ್ಲಿ ಅವಳು ಕೆಮಿಸ್ಟ್. ಕೆಲಸಕ್ಕೆ ಸೇರಿ ಎರಡೇ ತಿಂಗಳು, ಹಾಗಾಗಿ ಸಿಟ್ಟೂ ಹೊಸದಾಗಿಯೇ ಇತ್ತು.

ಕಾರಣವಿಲ್ಲದೆ ಬಂದವಳಲ್ಲ. ಕಿರವತ್ತಿಯಾಚೆ ಹಳ್ಳದ ದಂಡೆಯ ಮೇಲೊಂದು ಸಣ್ಣ ನೀರು ಶುದ್ಧೀಕರಣ ಘಟಕ. ಹನ್ನೊಂದು ಹಳ್ಳಿಗಳ ನಲ್ಲಿಗೆ ನೀರು ಹೋಗುವುದು ಅಲ್ಲಿಂದಲೇ. ಅಲ್ಲಿನ ಆಪರೇಟರ್ ಪ್ರತಿ ಸೋಮವಾರ ಒಂದು ಬಾಟಲಿ ನೀರನ್ನು ಐಸ್ ಡಬ್ಬಿಯಲ್ಲಿಟ್ಟು ಮೊದಲ ಬಸ್ಸಿಗೆ ಕೊಡಬೇಕು, ಕಂಡಕ್ಟರ್ ಅದನ್ನು ಶಿರಸಿ ಸ್ಟ್ಯಾಂಡಿನಲ್ಲಿ ಇಳಿಸಬೇಕು, ಲ್ಯಾಬಿನವರು ಪರೀಕ್ಷೆ ಮಾಡಿ ವರದಿ ಕಳಿಸಬೇಕು. ಆ ವಾರ ಬಂದ ಬಾಟಲಿಯ ನೀರು ಹಳದಿಯಾಗಿತ್ತು, ಕದಡಿಯೂ ಇತ್ತು. ಫಿಲ್ಟರ್ ಕೆಟ್ಟಿದೆ ಎಂದು ತೀರ್ಮಾನಿಸಿದ ಪರಿಮಳಾ ಫೋನು ಮಾಡಿ ಹನ್ನೊಂದು ಹಳ್ಳಿಗೂ ನೀರು ನಿಲ್ಲಿಸಿದ್ದಳು. ಮಾದರಿ ಫೇಲಾದರೆ ಲ್ಯಾಬಿನವರೇ ಹೋಗಿ ಮತ್ತೊಮ್ಮೆ ತೆಗೆಯಬೇಕೆಂಬುದು ನಿಯಮ. ಅದಕ್ಕೇ ಬಂದಿದ್ದಳು.

"ಇಲ್ಲಿ ಉಲ್ಲಾಸ ಅಂದ್ರೆ ಯಾರು?"

ಫಿಲ್ಟರ್ ತೊಟ್ಟಿಯೊಳಗಿಂದ ಒಂದು ತಲೆ ಮೇಲೆ ಬಂತು. ತಲೆತುಂಬ ಮರಳು. "ನಾನ್ರಿ. ಬರ್ರಿ ಮೇಡಂ. ನಿನ್ನೆಯಿಂದ ಮೂರು ಸಲ ಮರಳು ತೊಳದೇನ್ರಿ. ಫಿಲ್ಟರಿಗೆ ಏನೂ ಆಗಿಲ್ರಿ."

"ಏನೂ ಆಗದೆ ನೀರು ಹಳದಿ ಆಗ್ತದಾ? ಪಟಿಕ ಎಷ್ಟು ಹಾಕ್ತಿದ್ದೀರಿ? ಎಂತ ಮಾಡಿಟ್ಟಿದ್ದೀರಿ ಇಲ್ಲಿ?"

ಅವನು ನಲ್ಲಿ ತಿರುಗಿಸಿ ಗಾಜಿನ ಲೋಟ ತುಂಬಿ ಕೊಟ್ಟ. ನೀರು ತಿಳಿಯಾಗಿತ್ತು. ಪರಿಮಳಾ ಎತ್ತಿ ಹಿಡಿದಳು, ತಿರುಗಿಸಿದಳು, ತಪ್ಪು ಹುಡುಕಿದಳು. ಲೋಟದಾಚೆ ಅವನ ಕಣ್ಣು ಕಂಡಿತು. ನಗು ತಡೆದುಕೊಂಡ ಕಣ್ಣು.

ತಪ್ಪು ಸಿಕ್ಕಿದ್ದು ಸ್ಟೋರ್ ರೂಮಿನಲ್ಲಿ. ಲ್ಯಾಬಿನಿಂದ ಬಂದ ಖಾಲಿ ಬಾಟಲಿಗಳು ಸಾಲಾಗಿ ನಿಂತಿದ್ದವು, ಒಂದೊಂದರ ಬಾಯಿಗೂ ದಪ್ಪಗೆ ಅರಿಶಿನ ಕುಂಕುಮ. ಘಟಕದ ಕಸ ಗುಡಿಸುವ ದುರ್ಗಮ್ಮ ಆಯುಧ ಪೂಜೆಯ ದಿನ ಪಂಪಿಗೆ, ನಟ್ಟು ತಿರುಗಿಸುವ ಪಾನಾಕ್ಕೆ, ಪೈಪಿಗೆ ಹಚ್ಚಿ, ಉಳಿದದ್ದನ್ನು ಮುಚ್ಚಳ ತೆಗೆದು ಬಾಟಲಿಗೂ ಹಚ್ಚಿದ್ದಳು.

"ಗಂಗವ್ವನ ತುಂಬೂ ಪಾತ್ರೆರಿ ಅವು" ಎಂದಳು ದುರ್ಗಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ಬರೀ ಬಾಯಿ ಇಡಬಾರದ್ರಿ. ನಿಮ್ಮ ಆಫೀಸಿನಾಗ ಇಷ್ಟೂ ಹೇಳಿಕೊಡೂದಿಲ್ಲೇನ್ರಿ?"

ಹನ್ನೊಂದು ಹಳ್ಳಿಯ ನೀರು ನಿಲ್ಲಿಸಿದ ಪರಿಮಳಾ ಮತ್ತೊಮ್ಮೆ ಮಾದರಿ ತೆಗೆದು, ನೀರು ಬಿಡಲು ಹೇಳಿದಳು. ಉಲ್ಲಾಸ ಮಾತ್ರ ತೊಟ್ಟಿಯ ಕಡೆ ಮುಖ ಮಾಡಿ ಹೆಗಲು ಕುಲುಕಿಸುತ್ತ ನಿಂತಿದ್ದ. ಅವಳು ನಗಲಿಲ್ಲ. ಬಸ್ಸು ಹತ್ತಿ, ಯಲ್ಲಾಪುರ ದಾಟಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮುಂದಿನ ಸೋಮವಾರದ ಬಾಟಲಿ ಬಂತು. ಚೀಟಿಯ ಮೇಲೆ ಸ್ಥಳ, ದಿನಾಂಕ, ಸಮಯ. 'ಮಾದರಿ ತೆಗೆದಾಗಿನ ಸ್ಥಿತಿ' ಎಂಬ ಕಡೆ ಉಳಿದವರೆಲ್ಲ 'ಸಾಮಾನ್ಯ' ಎಂದು ಗೀಚಿ ಕಳಿಸುತ್ತಾರೆ. ಇವನು ದುಂಡಗೆ ಬರೆದಿದ್ದ: 'ಅರಿಶಿನ ಇಲ್ಲ. ಮೋಡ ಇದೆ. ಹಳ್ಳದಾಚೆ ಮರದ ಮೇಲೆ ಜೋಡಿ ಮಂಗಟ್ಟೆ ಹಕ್ಕಿ ಕೂತಿದ್ದವು.'

ಪರಿಮಳಾ ಪೆನ್ನಿನ ತುದಿ ಕಚ್ಚಿದಳು. ವರದಿಯ ಕೊನೆಯಲ್ಲಿ ಷರಾ ಎಂಬ ಕಾಲಂ ಇರುತ್ತದೆ. ನೀರಿನಲ್ಲಿ ಇದ್ದದ್ದನ್ನಷ್ಟೇ ಅಲ್ಲಿ ಬರೆಯಬೇಕು. ಅವಳು ಬರೆದಳು: 'ಮಾದರಿ ತೃಪ್ತಿಕರ. ಹಕ್ಕಿಯ ವಿವರ ಅಪೂರ್ಣ.'

ಮರುವಾರ ಚೀಟಿಯ ಹಿಂದೆಯೂ ಬರವಣಿಗೆ ಇತ್ತು. ಕೊಕ್ಕಿನ ಬಣ್ಣ, ರೆಕ್ಕೆಯ ಸದ್ದು, ಗಂಡು ಹಕ್ಕಿ ಹೆಣ್ಣಿಗೆ ಹಣ್ಣು ತಿನ್ನಿಸಿದ್ದು. ಕೊನೆಯ ಸಂಗತಿ ಓದುವಾಗ ಕೆಮಿಸ್ಟ್ ಮೇಡಂ ಕಿವಿ ಬಿಸಿಯಾಗಿತ್ತು.

ಹೀಗೆ ಸುರುವಾಯಿತು. ಪ್ರೇಮವೆಂದು ಯಾರೂ ಅನ್ನಲಿಲ್ಲ, ಅದಕ್ಕೆ ಯಾವ ಕಾಲಮ್ಮೂ ಇರಲಿಲ್ಲ. ಉಳಿದವರಿಗೆ ಭಾನುವಾರ ಬೇಕು, ಪರಿಮಳಾಗೆ ಸೋಮವಾರ. ಮಳೆಗಾಲದಲ್ಲಿ ಮರ ಬಿದ್ದು ಬಸ್ಸು ತಡವಾದರೆ ಸ್ಟ್ಯಾಂಡಿಗೆ ತಾನೇ ಹೋಗಿ ನಿಲ್ಲುತ್ತಿದ್ದಳು. "ಮಾದರಿ ಹಾಳಾಗ್ತದೆ" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅದು ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ.

ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಅವಳೇ ಘಟಕಕ್ಕೆ ಹೋಗಬೇಕು. ನಲ್ಲಿಯ ಬುಡದಲ್ಲಿ ಕ್ಲೋರಿನ್ ಪರೀಕ್ಷೆ. ಸಣ್ಣ ನಳಿಕೆಗೆ ನೀರು ತುಂಬಿ ಔಷಧದ ಹನಿ ಬಿಟ್ಟರೆ ಎಳೆ ಹಳದಿ ಏರುತ್ತದೆ. ಎಷ್ಟು ಹಳದಿಯೆಂದು ಬೆಳಕಿಗೆ ಹಿಡಿದು ನೋಡಬೇಕು, ಇಬ್ಬರೂ ಒಟ್ಟಿಗೆ ಬಗ್ಗಬೇಕು. ಅವನ ಅಂಗಿಗೆ ಬ್ಲೀಚಿಂಗ್ ಪೌಡರಿನ ವಾಸನೆ. ಲೋಕದಲ್ಲಿ ಯಾರಿಗೂ ಇಷ್ಟವಾಗದ ಆ ವಾಸನೆ ಪರಿಮಳಾಗೆ ಮಾತ್ರ ಮಲ್ಲಿಗೆಯಾಗಿತ್ತು.

"ಪಾಯಿಂಟ್ ಎರಡು" ಎನ್ನುತ್ತಿದ್ದಳು.

"ಇನ್ನೊಮ್ಮೆ ನೋಡ್ರಿ ಮೇಡಂ. ಇಷ್ಟು ಗಡಿಬಿಡಿ ಯಾಕ?"

ಅವಳು ಇನ್ನೊಮ್ಮೆ ನೋಡುತ್ತಿದ್ದಳು. ನಳಿಕೆಯನ್ನಲ್ಲ.

ಆರು ವರ್ಷದಲ್ಲಿ ಮನೆಯವರು ನಾಲ್ಕು ಸಂಬಂಧ ತಂದರು, ನಾಲ್ಕಕ್ಕೂ ಅವಳು ಬೇಡವೆಂದಳು. ಅವಳದು ಸ್ವರ್ಣವಲ್ಲಿಯ ಹತ್ತಿರದ ಹವ್ಯಕರ ಮನೆ, ಅವನದು ಕಿರವತ್ತಿಯ ಗದ್ದೆ ಕೆಲಸದವರ ಮನೆ. ನಡುವೆ ಎಷ್ಟು ದೂರವೆಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಅವನು ಬಾಯಿ ತೆರೆಯಲಿಲ್ಲ. ಅವನೇ ತೆರೆಯದಿದ್ದಾಗ ತಾನ್ಯಾಕೆ ಎಂದು ಇವಳೂ ಬಿಗುಮಾನದಲ್ಲಿ ಕುಳಿತಳು.

ಈ ವರ್ಷ ಬೇಸಿಗೆಗೆ ಸುದ್ದಿ ಬಂತು. ದೊಡ್ಡ ಯೋಜನೆಯ ಪೈಪು ಹನ್ನೊಂದೂ ಹಳ್ಳಿಗೆ ತಲುಪಿದೆ, ಹಳ್ಳದ ಘಟಕ ಮುಚ್ಚುತ್ತದೆ. ಉಲ್ಲಾಸನಿಗೆ ಬೆಳಗಾವಿಯಾಚೆಯ ಹೊಸ ಘಟಕದಲ್ಲಿ ಕೆಲಸ. ಅಲ್ಲಿ ಅವರದೇ ಲ್ಯಾಬು, ಶಿರಸಿಗೆ ಬಾಟಲಿ ಬರುವ ಮಾತೇ ಇಲ್ಲ.

ಕೊನೆಯ ತಪಾಸಣೆಯ ದಿನ ಅವನು ಬಹಳ ಹೊತ್ತು ನಲ್ಲಿ ಒರೆಸುತ್ತ ನಿಂತ. "ಮೇಡಂ, ಒಂದು ಬಾಟಲಿ ನಾ ಇಟಗೊಳ್ಳಲೇನ್ರಿ? ನೆನಪಿಗೆ."

ಹೌದು ಅನ್ನಬಹುದಿತ್ತು. ಯಾರ ನೆನಪಿಗೆ ಎಂದು ಕೇಳಬಹುದಿತ್ತು. ಆರು ವರ್ಷ ನಿಯಮ ನುಂಗಿದ ನಾಲಗೆ ಹೇಳಿದ್ದು: "ಸರ್ಕಾರಿ ಬಾಟಲಿ ಅಲ್ದಾ, ವಾಪಸ್ ಕೊಡ್ಬೇಕು."

ಅವನು ತಲೆಯಾಡಿಸಿದ. ಬಸ್ಸಿನಲ್ಲಿ ಈ ಸಲ ಯಲ್ಲಾಪುರ ದಾಟಿದ ಮೇಲೆ ಅವಳಿಗೆ ನಗು ಬರಲಿಲ್ಲ, ಕಿಟಕಿಯತ್ತ ತಿರುಗಿ ಅತ್ತಳು.

ಕೊನೆಯ ಸೋಮವಾರ ಬಂತು. ಪರಿಮಳಾ ಡಬ್ಬಿ ತೆರೆದಳು. ಬಾಟಲಿಯ ನೀರು ಹಳದಿ.

ಮೊದಲ ಸಲ ಮೂಸಿ ನೋಡುವ ಬುದ್ಧಿ ಇರಲಿಲ್ಲ. ಈ ಸಲ ಮುಚ್ಚಳ ತೆಗೆದದ್ದೇ ಮೂಗಿನ ಹತ್ತಿರ ಹಿಡಿದಳು. ಅರಿಶಿನ. ಬಾಯಿಯ ಸುತ್ತ ಬೆರಳಿನಿಂದ ಬಳಿದ ಗುರುತು. ಚೀಟಿಯಲ್ಲಿ 'ಸಾಮಾನ್ಯ' ಎಂಬ ಒಂದೇ ಪದ.

ಅರಿಶಿನ ಹಚ್ಚುವುದೆಂದರೆ ಏನೆಂದು ಯಾವ ಹುಡುಗಿಗೆ ಗೊತ್ತಿಲ್ಲ? ಮಾದರಿ ಫೇಲಾದರೆ ತಾನೇ ಹೋಗಬೇಕೆಂಬುದು ಅವನಿಗೂ ಗೊತ್ತು. ಆರು ವರ್ಷ ಬಾಯಿ ಬಿಡದವನು ಇವತ್ತು ಬಾಟಲಿಯ ಬಾಯಿಂದ ಕೇಳಿದ್ದಾನೆ ಎಂದುಕೊಂಡಳು.

ಸೀರೆ ಬದಲಿಸಲು ಮನೆಗೆ ಓಡಿದಳು. ಶಿರಸಿಯಲ್ಲಿ ಅವಳು ಇರುವುದು ದೊಡ್ಡಮ್ಮ ಗೌರಕ್ಕನ ಜೊತೆ. ಗೌರಕ್ಕ ಕಾಯಿ ತುರಿಯುತ್ತಿದ್ದವಳು ತಲೆ ಎತ್ತಿದಳು.

"ಎಲ್ಲಿಗೆ ಹೊಂಟ್ಯೆ ಕೂಸೆ?"

"ಕಿರವತ್ತಿಗೆ ಹೋಗ್ತೆ. ನೀರು ಹಳದಿ ಬಂಜು."

"ನೀರು ನೋಡಲೆ ರೇಷ್ಮೆ ಸೀರೆ ಎಂತಕ್ಕೆ?"

ಪರಿಮಳಾ ಸೆರಗಿಗೆ ಪಿನ್ನು ಹುಡುಕಿದಳು. ಗೌರಕ್ಕ ಮತ್ತೆರಡು ಸಲ ಕಾಯಿ ತುರಿದಳು. "ಯಂಗೆ ಎಲ್ಲ ಗೊತ್ತಿದ್ದು. ಸೋಮವಾರ ಬಂದ್ರೆ ನಿನ್ನ ಮುಖ ನೋಡಿದ್ನಿಲ್ಯ ಆನು? ಅಪ್ಪಯ್ಯಂಗೆ ಹೇಳದು ಆಮೇಲೆ. ಮೊದಲು ಆ ಮಾಣಿನ ಕರಕಂಡು ಬಾ, ಆನು ನೋಡವು."

ಘಟಕದಲ್ಲಿ ಪಂಪಿನ ಸದ್ದು ನಿಂತಿತ್ತು. ಉಲ್ಲಾಸ ಬೀಗದ ಕೈ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ರೇಷ್ಮೆ ಸೀರೆಯವಳನ್ನು ಕಂಡು ಗಡಬಡಿಸಿ ಎದ್ದ.

"ಮೇಡಂ? ನೀವು? ಏನಾತ್ರಿ?"

ಪರಿಮಳಾ ಬಾಟಲಿ ಎತ್ತಿ ಹಿಡಿದಳು. ನಾಚಿಕೆಯನ್ನೆಲ್ಲ ಬದಿಗಿಟ್ಟು ಹೇಳಿದಳು: "ನಿಮ್ಮ ಮಾತು ಬಂದು ಮುಟ್ಟಿತು. ನಂದು ಒಪ್ಪಿಗೆ ಇದೆ."

ಅವನು ಬಾಟಲಿ ನೋಡಿದ, ಅವಳ ಮುಖ ನೋಡಿದ. "ನಾ ಹಚ್ಚಿಲ್ರಿ ಅದನ್ನ" ಎಂದ ಮೆಲ್ಲಗೆ.

ಪರಿಮಳಾಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಈ ಸಲ ನಿಲ್ಲಿಸಲು ಹನ್ನೊಂದು ಹಳ್ಳಿಯ ನೀರೂ ಇರಲಿಲ್ಲ, ಹೋದದ್ದು ಅವಳೊಬ್ಬಳ ಮರ್ಯಾದೆ.

"ನಾ ಹಚ್ಚೇನ್ರಿ." ಪಂಪ್‌ಹೌಸಿನಿಂದ ದುರ್ಗಮ್ಮ ಹೊರಗೆ ಬಂದಳು. "ಬೆಳಿಗ್ಗೆ ಡಬ್ಬಿ ಕಟ್ಟೂ ಮುಂದ ನಾನೇ ಹಚ್ಚಿದೆ. ಆರು ವರ್ಷ ನೋಡೇನಿ. ಇಬ್ರೂ ಬಾಯಿ ಬಿಡೂದಿಲ್ಲ ಅಂದ್ರ ಯಾರರೆ ಹಚ್ಚಬೇಕಲ್ಲ? ಈಗ ನೀವುಂಟು, ಅವಾ ಉಂಟು. ನಾ ಚಾ ಕುಡದು ಬರ್ತೀನಿ."

ದುರ್ಗಮ್ಮ ಗೇಟು ದಾಟಿ ಹೋದಳು. ಪರಿಮಳಾ ತಿರುಗಿ ಹೊರಟಳು.

"ಮೇಡಂ." ಉಲ್ಲಾಸ ಹಿಂದೆಯೇ ಬಂದ. "ನಾನೇ ಹಚ್ಚಬೇಕಾಗಿತ್ತ್ರಿ. ಪ್ರತಿ ಸೋಮವಾರ ಅನಕೊಂಡೆ, ಆಗ್ಲಿಲ್ಲ. ನಿಮ್ಮ ಮನಿಯವರು ಏನಂತಾರೋ, ನೀವರೆ ಏನಂತೀರೋ ಅಂತ ಅಂಜಿದೆ. ನೀವು ಬರದ ಷರಾ ಎಲ್ಲಾ ಇಟ್ಟೇನ್ರಿ, ಒಂದೂ ಬಿಟ್ಟಿಲ್ಲ."

"ಮತ್ತೆ ಇವತ್ತು 'ಸಾಮಾನ್ಯ' ಅಂತ ಯಾಕೆ ಬರೆದಿರಿ?"

"ಬ್ಯಾರೆ ಏನರ ಬರದಿದ್ರ ಅಳು ಬರ್ತಿತ್ರಿ."

ಪರಿಮಳಾ ಅವನ ಎದುರು ಬಂದು ನಿಂತಳು. ಬಾಟಲಿಯ ಬಾಯಿಯ ಅರಿಶಿನ ಅವಳ ಬೆರಳಿಗೂ ಅಂಟಿತ್ತು. ಅದನ್ನು ಅವನ ಕೆನ್ನೆಗೆ ಒರೆಸಿದಳು. ಅವನು ಆ ಕೈಯನ್ನು ಹಿಡಿದುಕೊಂಡ, ಬಿಡಲಿಲ್ಲ.

ನಿಯಮ ನಿಯಮವೇ. ಇಬ್ಬರೂ ನಲ್ಲಿಯ ಬುಡಕ್ಕೆ ಬಗ್ಗಿ ಮತ್ತೊಮ್ಮೆ ಮಾದರಿ ತೆಗೆದರು, ನಳಿಕೆಯನ್ನು ಬೆಳಕಿಗೆ ಹಿಡಿದರು. ಪಾಯಿಂಟ್ ಎರಡು. ಮೆಟ್ಟಿಲ ಮೇಲೆ ಕೂತು ಅವಳು ಘಟಕದ ಕೊನೆಯ ವರದಿ ಬರೆದಳು.

"ಷರಾ ಏನ್ ಬರದ್ರಿ?"

ಅವಳು ಹಾಳೆಯನ್ನು ಅವನ ಕೈಗೆ ಕೊಟ್ಟು ಬೇರೆ ಕಡೆ ನೋಡಿದಳು. ಅವನು ಓದಿದ: 'ಮಾದರಿ ತೃಪ್ತಿಕರ. ಬಾಟಲಿ ವಾಪಸ್ ಬೇಡ. ಮಾದರಿ ತೆಗೆದವರು ಬಂದರೆ ಸಾಕು.'

ಅವನು ಎರಡನೇ ಸಲ ಓದಿದ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದ, "ಯಾವಾಗ ಬರ್ಲಿ?"

"ಸೋಮವಾರ" ಎಂದಳು ಪರಿಮಳಾ. "ಮೊದಲ ಬಸ್ಸಿಗೆ. ಸ್ಟ್ಯಾಂಡಿನಲ್ಲಿ ನಿಂತಿರ್ತೇನೆ."