ನೆರಳುಗಾತಿ ಸಂಪಿಯೂ ಗಾಜಿನೊಳಗಿನ ಕೋಗಿಲೆಯೂ

ಬಹಳ ಹಿಂದೆ, ಹಕ್ಕಿಗಳಿಗೂ ರಾಜರಿಗೂ ಇನ್ನೂ ಮಾತುಕತೆ ಇದ್ದ ಕಾಲದಲ್ಲಿ, ಇಬ್ಬನಿಪುರ ಅಂತ ಒಂದು ರಾಜ್ಯ ಇತ್ತು. ಅಲ್ಲಿಯ ಮಾಗಿ ಚಳಿ ಎಂಥದ್ದು ಅಂತೀರಿ? ಬೆಳಗ್ಗೆ ಬಾಯಿ ತೆರೆದರೆ ಮಾತಿಗಿಂತ ಮೊದಲು ಹೊಗೆ ಬರುತ್ತಿತ್ತು. ಆದರೂ ಜನ ಹೆಚ್ಚು ಗೊಣಗುತ್ತಿರಲಿಲ್ಲ. ಮಾಗಿ ಮುಗಿದರೆ ವಸಂತ ಬಂದೇ ಬರುತ್ತದೆ, ಇನ್ನೇನು ಅಂತ ಕಂಬಳಿ ಎಳೆದುಕೊಂಡು ಕೂತಿರುತ್ತಿದ್ದರು.

ಆ ರಾಜ್ಯದಲ್ಲಿ ನೆರಳುಗಾರರದು ಅಂತ ಒಂದು ಮನೆತನ. ಅವರ ಕಸುಬಿಗೆ ಬೇಕಾದದ್ದು ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಗೆ ಮುಂದೆ ಒಂದು ಕಣ್ಣು, ಹಿಂದೆ ಒಂದು ಮುಚ್ಚಳ, ಒಳಗೊಂದು ಗಾಜಿನ ಹಲಗೆ. ಕಣ್ಣು ತೆರೆದು ಮುಚ್ಚಿದರೆ ಸಾಕು, ಎದುರಿಗಿದ್ದ ಹಕ್ಕಿಯೋ ಜಿಂಕೆಯೋ ಹೂವೋ ಬಣ್ಣದ ಸಮೇತ ಗಾಜಿಗೆ ಇಳಿಯುತ್ತಿತ್ತು. ಆದರೆ ಇಳಿದದ್ದನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಕೂಡಲೇ ಪೆಟ್ಟಿಗೆ ತಿರುಗಿಸಿ, ಹಿಂದಿನ ಮುಚ್ಚಳ ತೆಗೆದು, "ನಿನ್ನದು ನಿನಗೆ, ನೋಡಿದ್ದು ನನಗೆ" ಅನ್ನಬೇಕಿತ್ತು. ಆಗ ಬಣ್ಣವೆಲ್ಲ ಹಕ್ಕಿಗೆ ವಾಪಸ್ಸು ಹೋಗಿ, ಗಾಜಿನ ಮೇಲೆ ತೆಳ್ಳನೆಯ ಗೆರೆಗಳು ಮಾತ್ರ ಉಳಿಯುತ್ತಿದ್ದವು. ಅದೇ ಅವರ ಚಿತ್ರ.

ಆ ಮನೆತನದ ಹುಡುಗಿ ಸಂಪಿ. ಕಸುಬು ಕಲಿಸಿದವಳು ಅವಳ ಅಜ್ಜಿ ಬೊಮ್ಮಜ್ಜಿ. ಸಂಪಿ ತಲೆಗೆ ಹೂವು ಮುಡಿಯುತ್ತಿರಲಿಲ್ಲ, ವಾಸನೆಗೆ ಜಿಂಕೆ ಓಡುತ್ತವೆ ಅಂತ. ಮುಖಕ್ಕೆ ಕೆಸರು ಬಳಿದುಕೊಂಡು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿ, ಕೆರೆಯಂಚಿನ ಜೊಂಡಿನಲ್ಲಿ ಕೂತಳೆಂದರೆ ಕಾಲು ಜೋಮು ಹಿಡಿದರೂ ಅಲ್ಲಾಡುತ್ತಿರಲಿಲ್ಲ. ಈ ಮುಖ ನೋಡಿ ಯಾವ ಗಂಡು ಒಪ್ಪುತ್ತಾನೋ ಅಂತ ಬೊಮ್ಮಜ್ಜಿ ರೇಗಿಸುತ್ತಿದ್ದಳು. ಬಾತುಕೋಳಿ ಒಪ್ಪಿದೆಯಲ್ಲ, ಅದು ಸಾಕು ಅಂತ ಸಂಪಿ ನಗುತ್ತಿದ್ದಳು.

ಸಂಪಿ ತೆಗೆದ ಚಿತ್ರಗಳೆಲ್ಲ ಹೋಗುತ್ತಿದ್ದದ್ದು ಅರಮನೆಗೆ, ರಾಜಕುಮಾರಿ ಇಂದುಸಿರಿಯ ಕೋಣೆಗೆ. ಪಾಪ, ಆ ಹುಡುಗಿಗೆ ಹುಟ್ಟಿನಿಂದ ಕಾಲಿನಲ್ಲಿ ಶಕ್ತಿ ಇರಲಿಲ್ಲ. ತಾಯಿಯೂ ಇರಲಿಲ್ಲ. ಇರುವವಳು ಒಬ್ಬಳೇ ಮಗಳು, ಅವಳಿಗೆಲ್ಲಿ ಗಾಳಿ ತಾಗುತ್ತದೋ ಅಂತ ರಾಜ ವೀರಭೂಪ ಅವಳನ್ನು ಹೊರಗೆ ಬಿಟ್ಟವನೇ ಅಲ್ಲ. ಕಿಟಕಿಗಳಿಗೂ ದಪ್ಪ ಪರದೆ. ಇಂದುಸಿರಿ ಕಂಡ ಕಾಡೆಲ್ಲ ಸಂಪಿಯ ಗಾಜಿನ ಮೇಲಿನ ಗೆರೆಗಳೇ. ಆ ಹಕ್ಕಿಯ ಕೊಕ್ಕು ಯಾವ ಬಣ್ಣ, ಈ ಎಲೆ ಯಾವ ಬಣ್ಣ ಅಂತ ಕೇಳುತ್ತಿದ್ದಳು, ಸಂಪಿ ಹೇಳುತ್ತಿದ್ದಳು. ಒಂದು ದಿನ ಹುಡುಗಿ ಗಾಜನ್ನು ಪಕ್ಕಕ್ಕಿಟ್ಟಳು.

"ನೀನು ಹೇಳೋ ಬಣ್ಣ ನನಗೆ ಕಾಣಲ್ಲ ಸಂಪಕ್ಕ. ಹಳದಿ ಅಂದರೆ ಅಡುಗೆಮನೆಯ ಅರಿಶಿನ ನೆನಪಾಗುತ್ತೆ, ಅಷ್ಟೇ" ಅಂದಳು.

ಸಂಪಿ ಆ ರಾತ್ರಿಯೆಲ್ಲ ಆ ಮಾತನ್ನೇ ನೆನೆದಳು. ಅದೇ ಯೋಚನೆಯಲ್ಲಿ ಮಾರನೆಯ ಬೆಳಗ್ಗೆ ಕೆರೆಗೆ ಹೋದಳು. ಅಲ್ಲಿ ಮಂಜಿನೊಳಗಿಂದ ಒಬ್ಬ ಮುದುಕ ಎದ್ದು ಬಂದ. ಗಡ್ಡದ ತುಂಬ ಇಬ್ಬನಿ, ಮಾತು ಮಾತ್ರ ಬೆಣ್ಣೆ. ಅವಳ ಮನಸ್ಸಿನಲ್ಲಿದ್ದದ್ದು ಅವನಿಗೆ ಮೊದಲೇ ಗೊತ್ತಿತ್ತು. ಒಂದು ಬೂದು ಬಣ್ಣದ ಮುಚ್ಚಳ ಕೊಟ್ಟು, ಇದನ್ನು ನಿನ್ನ ಪೆಟ್ಟಿಗೆಗೆ ಹಾಕು, ಬಣ್ಣ ಗಾಜಿನಲ್ಲೇ ನಿಲ್ಲುತ್ತದೆ, ಆ ಮಗು ನಗುತ್ತದೆ ಅಂದ. ಮುಚ್ಚಳ ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗಿತ್ತು. ಬೇಡ ಅನ್ನಬಹುದಿತ್ತು. ಆದರೆ ಸಂಪಿಯ ಕಣ್ಣ ಮುಂದೆ ಇಂದುಸಿರಿಯ ಮುಖವೇ ಇತ್ತು, ತೆಗೆದುಕೊಂಡಳು.

ಎಂದೂ ವಸಂತ ಕಾಣದ ಹುಡುಗಿಗೆ ವಸಂತದ ಮೊದಮೊದಲನ್ನೇ ತೋರಿಸಬೇಕು ಅಂತ ಅವಳ ಆಸೆ. ಚಳಿಗಾಲ ಕಳೆಯಲು ದೂರದಿಂದ ಬಂದ ಪಟ್ಟೆತಲೆ ಹೆಬ್ಬಾತುಗಳಲ್ಲಿ, ಮನೆಗೆ ಹೊರಡಲೆಂದು ಎಲ್ಲಕ್ಕಿಂತ ಮೊದಲು ರೆಕ್ಕೆ ಬಿಚ್ಚಿದ ಮುಂದಾಳುವಿನ ಚಿತ್ರ ತೆಗೆದಳು. ಕುರುಚಲು ಕಾಡಿಗೆ ಹೋಗಿ, ಎಲೆಯಿಲ್ಲದ ಮುತ್ತುಗದಲ್ಲಿ ಬಿಚ್ಚಿದ ಮೊದಲ ಕೆಂಡದಂಥ ಹೂವಿನ ಚಿತ್ರ ತೆಗೆದಳು. ಹಳೆಯ ಮಾವಿನ ತೋಪಿಗೆ ಹೋಗಿ, ಮೊದಲ ಕೂಗಿಗೆ ಬಾಯಿ ತೆರೆದ ಕೋಗಿಲೆಯ ಚಿತ್ರ ತೆಗೆದಳು. ಮೂರಕ್ಕೂ ಆ ಬೂದು ಮುಚ್ಚಳವನ್ನೇ ಹಾಕಿದಳು. ಮೂರು ಸಲವೂ ಹೇಳಬೇಕಾದ ಮಾತು ಹೇಳಲಿಲ್ಲ.

ಗಾಜು ಕೈಗೆ ಬಂದಾಗ ಇಂದುಸಿರಿಯ ಖುಷಿಯನ್ನು ಏನು ಹೇಳಲಿ! ಒಂದರಲ್ಲಿ ಹೆಬ್ಬಾತು ರೆಕ್ಕೆ ಬಡಿಯುತ್ತಿತ್ತು. ಇನ್ನೊಂದರಲ್ಲಿ ಮುತ್ತುಗದ ಹೂವು ಗಾಳಿಗೆ ಅಲ್ಲಾಡುತ್ತಿತ್ತು. ಮೂರನೆಯದರಲ್ಲಿ ಮಿರಮಿರ ಕಪ್ಪು ಕೋಗಿಲೆ ಕೂಗುತ್ತಿತ್ತು. ಹುಡುಗಿ ಅದನ್ನು ದಿಂಬಿನ ಪಕ್ಕವೇ ಇಟ್ಟುಕೊಂಡು ಮಲಗುತ್ತಿದ್ದಳು.

ಹೊರಗೆ ಮಾತ್ರ ಚಳಿ ಹೋಗಲೇ ಇಲ್ಲ. ಹೊಂಗೆ ಚಿಗುರಲಿಲ್ಲ, ಮಾವು ಹೂ ಬಿಡಲಿಲ್ಲ. ಹೆಬ್ಬಾತುಗಳು ಹಾರದೆ ಕೆರೆಯಲ್ಲೇ ಉಳಿದು ಹಸಿವಿಗೆ ಒಣಗಿದವು. ದನಗಳಿಗೆ ಹಸಿರಿಲ್ಲ, ಕೂಸುಗಳಿಗೆ ಕೆಮ್ಮು ಬಿಡಲಿಲ್ಲ. ಬೊಮ್ಮಜ್ಜಿ ಕೋಲೂರಿಕೊಂಡು ಕೆರೆಗೆ ಹೋಗಿ ನೋಡಿದರೆ, ಹೆಬ್ಬಾತುಗಳ ಮುಂದಾಳು ತಲೆಯ ಪಟ್ಟೆಯೂ ಇಲ್ಲದೆ ಬೂದಿಯ ಬಣ್ಣಕ್ಕೆ ತಿರುಗಿ ನಿಂತಿತ್ತು. ಮುದುಕಿಗೆ ಎಲ್ಲ ತಿಳಿಯಿತು. ಮನೆಗೆ ಬಂದು ಪೆಟ್ಟಿಗೆಯ ಮುಚ್ಚಳ ಮುಟ್ಟಿ ನೋಡಿದಳು.

"ಇದು ಮಾಂತ್ರಿಕ ಶೀತಕೇತುವಿನದು. ಪ್ರತಿ ವಸಂತಕ್ಕೂ ಅವನ ಆಯಸ್ಸಿನಲ್ಲಿ ಒಂದು ವರ್ಷ ಕಳೆಯುತ್ತೆ. ಬಾತು, ಹೂವು, ಕೋಗಿಲೆ, ವಸಂತ ಬರೋದೇ ಈ ಮೂರು ಬಾಗಿಲಿನಿಂದ. ಮೂರನ್ನೂ ನೀನೇ ಮುಚ್ಚಿ ಬಂದಿದ್ದೀಯಲ್ಲೇ ತಾಯಿ" ಅಂದಳು.

ಸಂಪಿ ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಬೈಯಲಿಲ್ಲ, ಸೆರಗಿನಿಂದ ಮೊಮ್ಮಗಳ ಮೂಗು ಒರೆಸಿದಳು. ಬಣ್ಣ ಯಾರ ಕೈಗೆ ಕೊಟ್ಟಿದ್ದೀಯೋ ಅವರೇ ಬಿಡಬೇಕು, ತೆಗೆದ ಜಾಗಕ್ಕೇ ಹೋಗಿ ಬಿಡಬೇಕು, ಬೇರೆ ದಾರಿಯಿಲ್ಲ ಅಂದಳು.

ಸಂಪಿ ಅರಮನೆಗೆ ಹೋಗಿ ಒಂದನ್ನೂ ಮುಚ್ಚಿಡದೆ ಹೇಳಿದಳು. ಇಂದುಸಿರಿ ಮೂರೂ ಗಾಜನ್ನು ಎದೆಗವಚಿಕೊಂಡು ಗೋಡೆ ಕಡೆ ತಿರುಗಿದಳು. ಆಮೇಲೆ ಪರದೆ ಸರಿಸು ಅಂದಳು. ಹೊರಗೆ ಅರಮನೆಯ ಹೊಂಗೆ ಮರ ಬೋಳಾಗಿ ನಿಂತಿತ್ತು. ಅದರ ಕೆಳಗೆ ಒಬ್ಬ ತಾಯಿ ಕೆಮ್ಮುವ ಕೂಸನ್ನು ಸೀರೆಯಲ್ಲಿ ಸುತ್ತಿಕೊಂಡು ಕೂತಿದ್ದಳು. ಹುಡುಗಿ ತಂದೆಯನ್ನು ಕರೆಸಿದಳು.

ವೀರಭೂಪ ಸುತರಾಂ ಒಪ್ಪಲಿಲ್ಲ. ಈ ಚಳಿಯಲ್ಲಿ, ಈ ಗಾಳಿಯಲ್ಲಿ, ನನ್ನ ಮಗಳು ಕಾಡಿಗೆ ಹೋಗುವುದೇ ಅಂತ ಸಿಟ್ಟಾದ.

"ಊರಿನ ವಸಂತ ನನ್ನ ದಿಂಬಿನ ಪಕ್ಕ ಇದೆ ಅಪ್ಪಾಜಿ. ನಾನು ಹೋಗಿ ಕೊಟ್ಟು ಬರಬೇಕು. ನೀವು ಕಳಿಸದಿದ್ದರೆ ತೆವಳಿಕೊಂಡು ಹೋಗ್ತೀನಿ" ಅಂದಳು ಇಂದುಸಿರಿ.

ರಾಜನ ಕಣ್ಣಲ್ಲಿ ನೀರು ಬಂತು. ಪಲ್ಲಕ್ಕಿ ತರಿಸಿ, ಒಂದು ಕೊಂಬಿಗೆ ತಾನೇ ಹೆಗಲು ಕೊಟ್ಟ.

ಮೊದಲು ಕೆರೆಗೆ ಹೋದರು. ಶೀತಕೇತು ಸುಮ್ಮನಿರುತ್ತಾನೆಯೇ? ಅವರವರ ಕೈ ಅವರವರಿಗೆ ಕಾಣದಷ್ಟು ಮಂಜು ಕವಿಸಿದ. ಪಲ್ಲಕ್ಕಿ ಹೊತ್ತ ಬೋಯಿಗಳು ದಿಕ್ಕು ತಪ್ಪಿ ನಿಂತರು. ಸಂಪಿಗೆ ಕಣ್ಣು ಕಾಣದಿದ್ದರೇನು, ಜೊಂಡಿನ ವಾಸನೆ ಗೊತ್ತು, ಹಸಿದ ಬಾತಿನ ಕೂಗು ಗೊತ್ತು. ಅವಳ ಹಿಂದೆ ಪಲ್ಲಕ್ಕಿ ನೀರಿನಂಚಿಗೆ ಮುಟ್ಟಿತು. ಇಂದುಸಿರಿ ಮೊದಲ ಗಾಜನ್ನು ಪೆಟ್ಟಿಗೆಗಿಟ್ಟು, ಮುಚ್ಚಳ ತೆಗೆದು, "ನಿನ್ನದು ನಿನಗೆ, ನೋಡಿದ್ದು ನನಗೆ" ಅಂದಳು. ಬೂದು ಹೆಬ್ಬಾತಿನ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಮೂಡಿದವು. ಅದು ಒಂದು ಸಲ ಕೂಗಿ ಎದ್ದಿತು, ಹಿಂಡೆಲ್ಲ ಹಿಂದೆ ಎದ್ದಿತು, ಅವುಗಳ ರೆಕ್ಕೆಯ ಬೀಸಿಗೆ ಮಂಜು ಹರಿದುಹೋಯಿತು. ರಾಜಕುಮಾರಿ ಕತ್ತು ನೋಯುವವರೆಗೂ ಮೇಲೆ ನೋಡಿದಳು.

ಆಮೇಲೆ ಕುರುಚಲು ಕಾಡಿಗೆ ಹೋದರು. ಅಲ್ಲಿ ಶೀತಕೇತುವಿನ ಮಂಜಿನ ತೋಳಗಳು ಸುತ್ತುಗಟ್ಟಿದವು. ಅವಕ್ಕೆ ಅಲ್ಲಾಡುವುದು ಮಾತ್ರ ಕಾಣುತ್ತದೆ, ಉಸಿರು ಬಿಗಿಹಿಡಿದು ಕೂರಿ ಅಂತ ಸಂಪಿ ಪಿಸುಗುಟ್ಟಿದಳು. ಎಲ್ಲರೂ ಕೂತರು. ಎಲ್ಲರಿಗಿಂತ ಚೆನ್ನಾಗಿ ಕೂತವಳು ಇಂದುಸಿರಿ, ಅಲ್ಲಾಡದೆ ಕೂರುವುದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಆದರೆ ಚಳಿಗೆ ರಾಜನ ಹಲ್ಲು ಕಟಕಟ ಅನ್ನತೊಡಗಿದವು. ಸಂಪಿ ಹಿಂದುಮುಂದು ನೋಡದೆ ತನ್ನ ಕೆಸರು ಕೈಯಿಂದ ಮಹಾರಾಜರ ಬಾಯಿ ಮುಚ್ಚಿ ಹಿಡಿದಳು. ಒಂದು ತೋಳ ರಾಜನ ಮೀಸೆ ಮೂಸಿ ನೋಡಿತು, ಆಮೇಲೆ ಎಲ್ಲವೂ ಹೊರಟುಹೋದವು. ಇಂದುಸಿರಿ ಎರಡನೆಯ ಗಾಜಿಟ್ಟು, "ನಿನ್ನದು ನಿನಗೆ, ನೋಡಿದ್ದು ನನಗೆ" ಅಂದಳು. ಕಪ್ಪು ಮೊಗ್ಗುಗಳೆಲ್ಲ ಬಿಚ್ಚಿ, ಮುತ್ತುಗದ ಮರ ಬುಡದಿಂದ ತುದಿಯವರೆಗೆ ಹೊತ್ತಿಕೊಂಡಂತೆ ಅರಳಿತು.

ಕೊನೆಗೆ ಮಾವಿನ ತೋಪು. ಅಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಮರದ ಕೆಳಗೆ ಶೀತಕೇತು ಒಬ್ಬನೇ ಕೂತಿದ್ದ. ಅವನು ಹೆದರಿಸಲಿಲ್ಲ, ಮೆತ್ತಗೆ ಮಾತಾಡಿದ.

"ಆ ಕೋಗಿಲೆ ಒಂದನ್ನು ಬಿಡಬೇಡ ಮಗಳೇ. ನಿನ್ನನ್ನು ಆ ಗಾಜಿನೊಳಗೆ ಕಳಿಸ್ತೀನಿ. ಅಲ್ಲಿ ನಿನ್ನ ಕಾಲು ನಡೆಯುತ್ತೆ, ಮಾವಿನ ತೋಪಿನಲ್ಲೆಲ್ಲ ಓಡಾಡಬಹುದು" ಅಂದ.

ರಾಜ ಮಗಳ ಕಾಲಿನ ಕಡೆ ನೋಡಿದ. ಸಂಪಿ ಪೆಟ್ಟಿಗೆಯನ್ನು ಅವಳ ಪಕ್ಕಕ್ಕಿಟ್ಟು ಹಿಂದೆ ಸರಿದಳು. ಬೇಡ ಅನ್ನಲು ತನಗೇನು ಹಕ್ಕಿದೆ ಅನ್ನಿಸಿತು. ಇಂದುಸಿರಿ ಗಾಜನ್ನು ತೊಡೆಯ ಮೇಲಿಟ್ಟು ಸವರಿದಳು. ನಿದ್ದೆ ಬಾರದಾಗ ಅವಳಿಗೆ ಜೊತೆಯಾಗಿದ್ದದ್ದು ಆ ಕೂಗು. ಓಡಬೇಕು ಅನ್ನುವ ಆಸೆ ಅವಳಿಗೆ ಎಷ್ಟಿತ್ತೋ ಅವಳಿಗೇ ಗೊತ್ತು. ಅವಳು ತಲೆಯೆತ್ತಿ ಕೊಂಬೆ ನೋಡಿದಳು. ಅಲ್ಲಿ ನಿಜವಾದ ಕೋಗಿಲೆ ಬೂದಿಯ ಬಣ್ಣಕ್ಕೆ ತಿರುಗಿ ಕೂತು, ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಸದ್ದೇ ಬರುತ್ತಿರಲಿಲ್ಲ. ಅದು ಪಡುತ್ತಿದ್ದ ಪಾಡು ಅವಳಿಗೆ ಗೊತ್ತಿದ್ದ ಪಾಡೇ.

"ಇದನ್ನು ಹೀಗೆ ಮಾಡಿ ನಾನು ಓಡಲಾರೆ ಅಜ್ಜ" ಅಂದಳು. ಗಾಜಿಟ್ಟಳು, ಮುಚ್ಚಳ ತೆಗೆದಳು, "ನಿನ್ನದು ನಿನಗೆ, ನೋಡಿದ್ದು ನನಗೆ" ಅಂದಳು.

ಕೋಗಿಲೆ ಕೂಗಿತು. ತೋಪಿನ ತುಂಬ ಮಾವಿನ ಹೂವಿನ ಘಮ ಎದ್ದಿತು. ಬಿಸಿಲು ಬಂದು ಇಂದುಸಿರಿಯ ಪಾದದ ಮೇಲೆ ಬಿತ್ತು. ಅದು ಬೆಚ್ಚಗಿದೆ ಅಂತ ಅವಳು ಅಪ್ಪನಿಗೆ ಹೇಳಿದಳು. ರಾಜ ಮಗಳ ಪಾದ ಹಿಡಿದುಕೊಂಡು ಕೂತುಬಿಟ್ಟ.

ಶೀತಕೇತುವಿನ ಗಡ್ಡದಿಂದ ಇಬ್ಬನಿ ತೊಟ್ಟಿಕ್ಕತೊಡಗಿತು. ಅವನು ನೋಡನೋಡುತ್ತಾ ಕುಗ್ಗಿದ. ಈಗ ಅವನು ಮಾಂತ್ರಿಕನ ಹಾಗೆ ಕಾಣಲಿಲ್ಲ, ನಡುಗುವ ಮುದುಕನ ಹಾಗೆ ಕಂಡ. ಉಳಿದಿದ್ದದ್ದು ಇದೊಂದೇ ವರ್ಷ, ಅದೂ ಹೋಗುತ್ತಿದೆ, ನನಗೆ ಹೆದರಿಕೆಯಾಗುತ್ತಿದೆ ಅಂತ ಸಂಪಿಯ ಮುಂದೆ ಕೈ ಚಾಚಿದ. ಊರಿಗೆಲ್ಲ ಕೆಮ್ಮು ಹಚ್ಚಿದವನು ಅಂತ ಅವಳಿಗೆ ಸಿಟ್ಟಿತ್ತು. ಆದರೂ ಆ ಕೈ ನೋಡಿ ತಡೆಯಲಾಗಲಿಲ್ಲ. ಹೊಸ ಗಾಜು ಹಾಕಿ, ಅವನದೇ ಮುಚ್ಚಳ ಮುಚ್ಚಿ, ಪೆಟ್ಟಿಗೆಯ ಕಣ್ಣು ತೆರೆದಳು. ಅವನಲ್ಲಿ ಚಳಿಯ ಹೊರತು ಬೇರೇನೂ ಉಳಿದಿರಲಿಲ್ಲ, ಹಾಗಾಗಿ ಇಡೀ ಮನುಷ್ಯನೇ ಗಾಜಿಗೆ ಇಳಿದ. ಅಲ್ಲಿ ಮಂಜಿತ್ತು, ಬೋಳು ಮರವಿತ್ತು, ಮುಗಿಯದ ಮಾಗಿಯಿತ್ತು, ಅವನ ಆ ಒಂದು ವರ್ಷ ಅಲ್ಲಿ ಕಳೆಯುತ್ತಿರಲಿಲ್ಲ. ಊರಿಗೆ ಮಾತ್ರ ಅದು ತಾಗುತ್ತಿರಲಿಲ್ಲ.

ಅಂದಿನಿಂದ ಇಂದುಸಿರಿಯ ಕಿಟಕಿಗೆ ಪರದೆ ಹಾಕಲಿಲ್ಲ. ಅವಳಿಗೂ ಒಂದು ನೆರಳುಪೆಟ್ಟಿಗೆ ಆಯಿತು. ಸಂಪಿಯ ಜೊತೆ ಪಲ್ಲಕ್ಕಿಯಲ್ಲಿ ಕಾಡಿಗೆ ಹೋಗಿ, ಮುಖಕ್ಕೆ ಕೆಸರು ಬಳಿದುಕೊಂಡು ಕೂರುತ್ತಿದ್ದಳು. ಅವಳಷ್ಟು ಹೊತ್ತು ಕೂರುವ ನೆರಳುಗಾತಿ ಆ ರಾಜ್ಯದಲ್ಲೇ ಇನ್ನೊಬ್ಬಳಿರಲಿಲ್ಲ. ತೆಗೆದ ಪ್ರತಿ ಚಿತ್ರದ ಬಣ್ಣವನ್ನೂ ವಾಪಸ್ಸು ಕೊಟ್ಟೇ ಬರುತ್ತಿದ್ದಳು.

ಪ್ರತಿ ವಸಂತದಲ್ಲೂ ಕೋಗಿಲೆ ಮೊದಲು ಕೂಗಿದ ಬೆಳಗ್ಗೆ ಇಬ್ಬರೂ ಶೀತಕೇತುವಿನ ಗಾಜನ್ನು ಮಾವಿನ ತೋಪಿಗೆ ತಂದು ಮುಚ್ಚಳ ತೆಗೆಯುತ್ತಿದ್ದರು. ನಿನ್ನದು ನಿನಗೆ ಅಜ್ಜ, ಬರ್ತೀಯಾ ಅಂತ ಕೇಳುತ್ತಿದ್ದರು. ಒಳಗಿಂದ ಮುದುಕ ತಲೆಯಾಡಿಸಿ, ಈ ವರ್ಷ ಬೇಡ ಅನ್ನುತ್ತಿದ್ದ. ಬೊಮ್ಮಜ್ಜಿ ಹೋದಳು, ಸಂಪಿಯ ಮಕ್ಕಳು ದೊಡ್ಡವರಾದರು, ಇಂದುಸಿರಿ ರಾಣಿಯಾದಳು. ಮುದುಕ ಈ ವರ್ಷ ಬೇಡ ಅನ್ನುತ್ತಲೇ ಇದ್ದ. ಆದರೆ ವರ್ಷ ವರ್ಷವೂ ಗಾಜಿನ ಅಂಚಿಗೆ ಸ್ವಲ್ಪ ಸ್ವಲ್ಪ ಹತ್ತಿರ ಬಂದು ಕೂರುತ್ತಿದ್ದ.

ಇಬ್ಬರ ತಲೆಯೂ ನೆರೆತಿದ್ದ ಒಂದು ವಸಂತದಲ್ಲಿ ಅವರು ಕೇಳುವ ಮೊದಲೇ ಅವನು ಹೊರಗೆ ಕಾಲಿಟ್ಟ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ. ಇಂದುಸಿರಿ ಕೊಟ್ಟ ಬೆಲ್ಲದ ಪಾನಕ ಕುಡಿದ. ಮಾವಿನ ಬುಡಕ್ಕೆ ಒರಗಿ, ಕೋಗಿಲೆ ಕೂಗುವುದನ್ನು ತಲೆಯೆತ್ತಿ ಕೇಳಿದ. ಇಷ್ಟು ಚೆನ್ನಾಗಿರುತ್ತದೆ ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲ ಅಂದ. ಹಾಗೇ ಕೇಳುತ್ತಾ ಕೇಳುತ್ತಾ, ಮಧ್ಯಾಹ್ನದ ಹೊತ್ತಿಗೆ, ಇಬ್ಬನಿ ಆರಿದಂತೆ ಆರಿಹೋದ.

ಗಾಜಿನ ಮೇಲೆ ತೆಳ್ಳನೆಯ ಗೆರೆಗಳಲ್ಲಿ ಒಬ್ಬ ಮುದುಕ ಉಳಿದ, ತಲೆಯೆತ್ತಿ ಏನನ್ನೋ ಕೇಳುತ್ತಿರುವ ಮುದುಕ. ಸಂಪಿ ಅದನ್ನು ಸೆರಗಿನಿಂದ ಒರೆಸಿ ಇಂದುಸಿರಿಯ ಕೈಗೆ ಕೊಟ್ಟಳು. ಇಬ್ಬರೂ ಆ ಪಾನಕದಲ್ಲಿ ಉಳಿದದ್ದನ್ನು ಕುಡಿದು ಮನೆಗೆ ಹೋದರು. ಇಬ್ಬನಿಪುರದಲ್ಲಿ ಅಂದಿನಿಂದ ಮಾಗಿ ಮುಗಿದ ಮೇಲೆ ವಸಂತ ತಪ್ಪಿದ್ದಿಲ್ಲ. ನಿಮ್ಮೂರಿನಲ್ಲಿ ಮುತ್ತುಗ ಅರಳಿದಾಗಲೆಲ್ಲ ಅವರೆಲ್ಲ ಸುಖವಾಗಿದ್ದಾರೆ ಅಂತ ತಿಳಿದುಕೊಳ್ಳಿ.